‘ಅಂತೆ’ ಬಿಟ್ಟುಹೋದ ಸಾಕ್ಷಿ: ದೊಡ್ಡಮ್ಮನ ಕುವೈತ್ ಮಾತು ದಾಖಲಿಸಿದ ಒಂಬತ್ತು ತಿಂಗಳು

ಕಳೆದ ವಾರ ಇಮೇಲ್‌ನಲ್ಲಿ ಒಂದು ನಂಬರ್ ಬಂತು. ನನ್ನ ದೊಡ್ಡಮ್ಮನ ಮೂರೂವರೆ ಗಂಟೆಯ ಮಾತು ಇನ್ನು ಮುಂದೆ ಆ ನಂಬರಿನಡಿ ಹೊರದೇಶದ ಒಂದು ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇರುತ್ತದೆ. 1990ರ ಕುವೈತ್ ಯುದ್ಧ ಕಂಡ ಕೆಲಸಗಾರರ ಮಾತು ಬೇಕು ಅಂತ ಅವರು ಕೇಳಿದ್ದರು. ನಾನು ಡಿಸೆಂಬರ್‌ನಲ್ಲಿ ಹೆಸರು ಕೊಟ್ಟೆ. ಎರಡು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮುಗಿಯುವಾಗ ಆಟಿ (ತುಳುವರ ಮಳೆಗಾಲದ ತಿಂಗಳು, ಜುಲೈ–ಆಗಸ್ಟ್) ಕಳೆದಿತ್ತು.

ಉಡುಪಿ, ಮಂಗಳೂರು ಕಡೆ ಎಷ್ಟೋ ಮನೆಗಳಲ್ಲಿ ಕುವೈತ್‌ನಿಂದ ಓಡಿ ಬಂದವರ ಕಥೆ ಇರುತ್ತದೆ. ನಿಮ್ಮ ಮನೆಯಲ್ಲೂ ಇದ್ದರೆ, ನಾನು ಎಡವಿದ ಕಡೆ ನೀವು ಎಡವಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ದೊಡ್ಡಮ್ಮನಿಗೆ ಈಗ 69. ಕಟಪಾಡಿಯಿಂದ ಸ್ವಲ್ಪ ಒಳಗೆ ಮನೆ. ಹಿತ್ತಿಲಲ್ಲಿ ಶಂಕರಪುರ ಮಲ್ಲಿಗೆ. 1986ರಿಂದ ನಾಲ್ಕು ವರ್ಷ ಕುವೈತ್‌ನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕಂಪನಿಯ ಮೂಲಕ ಆಯಾ ಕೆಲಸ ಮಾಡಿದ್ದರು. ಹೆಚ್ಚಿನ ಕಾಲ ಹೆರಿಗೆ ವಾರ್ಡು, ಅದರ ಪಕ್ಕದ ಸಣ್ಣ ಮಕ್ಕಳ ಕೋಣೆ. ಆಗಸ್ಟ್ 2ರ ಬೆಳಿಗ್ಗೆ ಇರಾಕಿನ ಸೈನ್ಯ ನುಗ್ಗಿದಾಗ ರಾತ್ರಿ ಪಾಳಿ ಮುಗಿಸಿ ನೆಲ ಒರೆಸುತ್ತಿದ್ದರು.

ಮೊದಲ ತೊಡಕು ಕಾಗದದ್ದು. ಆ ವಿಶ್ವವಿದ್ಯಾಲಯದವರು ಗುರುತಿನ ಚೀಟಿ, ಒಪ್ಪಿಗೆ ಪತ್ರ ಮತ್ತು ಆ ದಿನಗಳಲ್ಲಿ ಕುವೈತ್‌ನಲ್ಲಿ ಇದ್ದದ್ದಕ್ಕೆ ಪುರಾವೆ ಕೇಳಿದರು. ಪಾಸ್‌ಪೋರ್ಟು ಕಂಪನಿಯ ಹತ್ತಿರ ಇತ್ತು, ಕಂಪನಿಯವರು ಎರಡನೇ ದಿನವೇ ಕಾಣೆ. ದೊಡ್ಡಮ್ಮ ಊರಿಗೆ ಬಂದದ್ದು ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ಮರಳಲು ರಾಯಭಾರ ಕಚೇರಿ ಕೊಟ್ಟ ಔಟ್‌ಪಾಸ್ ಅನ್ನುವ ಕಾಗದದಲ್ಲಿ. ಅದನ್ನು ಬೊಂಬಾಯಿಯಲ್ಲಿ ವಾಪಸ್ ತೆಗೆದುಕೊಂಡಿದ್ದರು. ಜೆರಾಕ್ಸ್ ಮಾತ್ರ ಇದೆ. ಅದೂ ಮಾಸಿ ಹೋಗಿ ಫೋಟೋದ ಜಾಗದಲ್ಲಿ ಒಂದು ಕಪ್ಪು ಚೌಕ.

ಟ್ರಂಕ್ ತಳದಲ್ಲಿ, ಹಳೇ ಪೇಪರ್ ಹಾಸಿನ ಅಡಿಯಲ್ಲಿ ಸಿಕ್ಕಿದ್ದು ಪರಿಹಾರದ ಅರ್ಜಿಯ ಕಾರ್ಬನ್ ಪ್ರತಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯುದ್ಧ ಮುಗಿದ ಮೇಲೆ 1991ರಲ್ಲಿ ವಿಶ್ವಸಂಸ್ಥೆ ಜಿನೀವಾದಲ್ಲಿ ಪರಿಹಾರ ಆಯೋಗ ಮಾಡಿತು. ಇರಾಕಿನ ಎಣ್ಣೆ ದುಡ್ಡಿನ ಒಂದು ಪಾಲಿನಿಂದ ಪರಿಹಾರ. ನಮ್ಮವರು ದೆಹಲಿಯ ವಿದೇಶಾಂಗ ಸಚಿವಾಲಯದ ಮೂಲಕ ಅರ್ಜಿ ಹಾಕಬೇಕಿತ್ತು. ಬಿಟ್ಟು ಓಡಿ ಬಂದದ್ದಕ್ಕೆ ‘ಎ’ ಫಾರಂ: ಒಬ್ಬರಿಗೆ 2,500 ಡಾಲರ್, ಬೇರೆ ಯಾವ ಫಾರಂ ಹಾಕುವುದಿಲ್ಲ ಅಂತ ಒಪ್ಪಿದರೆ 4,000. ದೊಡ್ಡಮ್ಮ ಒಪ್ಪಿ ಸಹಿ ಹಾಕಿದ್ದರು. ದುಡ್ಡು ಕಂತಿನಲ್ಲಿ ಬಂತು, ಬಾವಿಗೆ ಕಟ್ಟೆ ಕಟ್ಟಿಸಿದರು, ಮಾಡಿಗೆ ಹೊಸ ಹಂಚು ಹಾಕಿಸಿದರು.

ನಿಮ್ಮ ಮನೆಯಲ್ಲೂ ಆ ಫಾರಂ ಇದ್ದರೆ ಬಿಸಾಡಬೇಡಿ. ನಮಗೆ ಪುರಾವೆಯಾಗಿ ನಡೆದದ್ದು ಅದೊಂದೇ. ಪಾಸ್‌ಬುಕ್ಕಿನ ಹಳೇ ಎಂಟ್ರಿಗೆ ಅಂತ ಬ್ಯಾಂಕಿಗೆ ಎರಡು ಸಲ ಹೋದೆ. ಆ ಬ್ಯಾಂಕೇ ಈಗ ಬೇರೆಯದರಲ್ಲಿ ಸೇರಿ ಹೋಗಿದೆ. ಕೌಂಟರಿನ ಹುಡುಗ ಪಾಪ, ನಾನು ಹೇಳುವ ವರ್ಷ ಕೇಳಿ, “ಮೇಡಂ, ನಾನು ಹುಟ್ಟಿದ್ದೇ ಅದರ ನಂತರ” ಅಂದ.

ಆ ಕಾರ್ಬನ್ ಪ್ರತಿಯನ್ನು ಓದುವಾಗ ಒಂದು ವಿಷಯ ಹೊಳೆಯಿತು. ಅದರಲ್ಲಿ ಎಲ್ಲೂ ‘ನೀವು ಏನು ನೋಡಿದಿರಿ’ ಅಂತ ಇಲ್ಲ. ಯಾವಾಗ ಹೊರಟಿರಿ, ಯಾವ ದಾರಿ, ಅಷ್ಟೇ. ಆಯೋಗದವರು ಇಂಥ ಲಕ್ಷಗಟ್ಟಲೆ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಪಟ್ಟಿಗಳಿಗೆ ತಾಳೆ ಹಾಕಿ ನೋಡಿದರು. ದೊಡ್ಡಮ್ಮನನ್ನು ನಂಬಿದ್ದು ಅವರ ಮಾತಿಗಲ್ಲ, ತಾರೀಖಿಗೆ. ಮನಸ್ಸಿಗಾದ ನೋವಿಗೂ ಪರಿಹಾರ ಇತ್ತು. ಆದರೆ ಬೇರೆಯವರ ಮೇಲೆ ನಡೆದ ಹಿಂಸೆಯನ್ನು ಕಣ್ಣಾರೆ ಕಂಡದ್ದಕ್ಕೆ ಕೇಳಬೇಕಾದರೆ ಅವರು ನಿಮ್ಮ ಗಂಡ ಅಥವಾ ಹೆಂಡತಿ, ಮಕ್ಕಳು, ಇಲ್ಲವೇ ತಂದೆತಾಯಿ ಆಗಿರಬೇಕು. ಜೊತೆ ಕೆಲಸದವರಿಗೆ ಆದದ್ದು ಲೆಕ್ಕಕ್ಕಿಲ್ಲ.

ಆಮೇಲೆ ಹೆಸರಿನ ಗೋಳು. ಫಾರಂನಲ್ಲಿ ತಂದೆಯ ಹೆಸರು ಸೇರಿಸಿದ ಹೆಸರು, ಆಧಾರ್‌ನಲ್ಲಿ ಗಂಡನದ್ದು. ‘ಇಬ್ಬರೂ ಒಬ್ಬರೇ’ ಅಂತ ಅಫಿಡವಿಟ್ ಮಾಡಿಸಬೇಕಾಯಿತು. 100 ರೂಪಾಯಿಯ ಇ-ಸ್ಟ್ಯಾಂಪ್, ನೋಟರಿಗೆ 300. ಮಂಗಳೂರಿನಲ್ಲಿ ಕೋರ್ಟಿನ ಹತ್ತಿರ ಬೆಳಿಗ್ಗೆ ಬೇಗ ಹೋದರೆ ಅರ್ಧ ಗಂಟೆ, ಮಧ್ಯಾಹ್ನ ಹೋದರೆ ನೋಟರಿ ಊಟಕ್ಕೆ ಹೋಗಿರುತ್ತಾರೆ, ಹೊರಗೆ ಮರದ ಕೆಳಗೆ ಕೂತಿರಬೇಕು. ದೊಡ್ಡಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೇಳಿದರು: “ನಾನು ನಾನೇ ಹೇಳ್ಲಿಕ್ಕೆ ಇಷ್ಟೆಲ್ಲ ಉಂಟಾ?”

ರೆಕಾರ್ಡಿಂಗ್ ಎಷ್ಟು ಕಷ್ಟ ಅಂತ ಮಾಡಿದ ಮೇಲೆಯೇ ಗೊತ್ತಾಗುವುದು. ಮದುವೆ ಸೀಸನ್‌ನಲ್ಲಿ ದೊಡ್ಡಮ್ಮನಿಗೆ ಪುರುಸೊತ್ತೇ ಇಲ್ಲ. ನಸುಕಿಗೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ತಡವಾದರೆ ಆ ದಿನದ ದುಡ್ಡು ಹೋಯಿತು. ಮಧ್ಯಾಹ್ನ ಕೂತರೆ ನಿದ್ದೆ. ಕೊನೆಗೆ ಆಟಿಯೇ ಸರಿ ಅಂತ ಆಯಿತು. ಆಟಿಯಲ್ಲಿ ನಮ್ಮಲ್ಲಿ ಶುಭ ಕಾರ್ಯ ಇಲ್ಲ, ಮಲ್ಲಿಗೆ ಕೇಳುವವರಿಲ್ಲ. ಆದರೆ ಆಟಿ ಅಂದರೆ ಮಳೆ. ಮೊದಲ ದಿನದ ಒಂದು ಗಂಟೆ ಪೂರ್ತಿ ಹಂಚಿನ ಮೇಲೆ ಮಳೆ ಹೊಡೆಯುವ ಶಬ್ದ, ನಡುನಡುವೆ ದೊಡ್ಡಮ್ಮ. ಎರಡನೇ ದಿನ ಅಕ್ಕಿ ತುಂಬಿಡುವ ಒಳಕೋಣೆಯಲ್ಲಿ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಮೇಲೆ ಕಂಬಳಿ ಕಟ್ಟಿ ಕೂತೆವು. ಅದು ಚೆನ್ನಾಗಿ ಬಂತು. 1,400 ರೂಪಾಯಿಯ ಕಾಲರ್ ಮೈಕ್ ಸಾಕು. ಫೈಲನ್ನು ವಾಟ್ಸಾಪ್‌ನಲ್ಲಿ ಆಡಿಯೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಅವರು ‘ಗುಣಮಟ್ಟ ಸಾಲದು’ ಅಂತ ತಿರುಗಿ ಕಳಿಸುತ್ತಾರೆ. ನನಗೆ ಒಮ್ಮೆ ಹಾಗೆ ಆಯಿತು.

ಕೈ ಖಾಲಿ ಇದ್ದರೆ ದೊಡ್ಡಮ್ಮನಿಗೆ ಮಾತು ಹೊರಡುವುದಿಲ್ಲ. ಅದಕ್ಕೆ ಒಂದು ಬುಟ್ಟಿಯಲ್ಲಿ ಮೊಗ್ಗು, ಒದ್ದೆ ನಾರು ಇಟ್ಟುಕೊಂಡರು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಎಳೆತ. ಎಲ್ಲಿ ಕೈ ನಿಂತಿತು ಅಂತ ಈಗಲೂ ಆಡಿಯೋದಲ್ಲಿ ಗೊತ್ತಾಗುತ್ತದೆ, ನಾರು ಎಳೆಯುವ ಸಣ್ಣ ಶಬ್ದ ನಿಲ್ಲುತ್ತದೆ.

ಅವರು ಹೇಳಿದ್ದರಲ್ಲಿ ಕೆಲವು. ಸೈನಿಕರು ಆಸ್ಪತ್ರೆಗೆ ಬಂದರು. ಆಂಬುಲೆನ್ಸ್ ತೆಗೆದುಕೊಂಡು ಹೋದರು. ಸ್ಟೋರಿನಿಂದ ಪೆಟ್ಟಿಗೆಗಳು, ಏನೋ ದೊಡ್ಡ ಮೆಷಿನ್‌ಗಳು ಲಾರಿಗೆ ಏರಿದ್ದನ್ನು ಅವರು ಕಂಡಿದ್ದಾರೆ. ಬಕಾಲದ (ದಿನಸಿ ಅಂಗಡಿಯ) ಎದುರು ಒಬ್ಬ ಹುಡುಗ ಸತ್ತು ಬಿದ್ದಿದ್ದ, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. “ಗುಂಡಿನ ಶಬ್ದ ಕೇಳಿದ್ದೇನೆ. ಹೊಡೆದದ್ದು ನೋಡ್ಲಿಲ್ಲ.” ಉಳಿದದ್ದು ನಿಮಗೆ ಗೊತ್ತಿರುವ ಕಥೆಯೇ. ಬಸ್ರಾ, ಬಾಗ್ದಾದ್, ಜೋರ್ಡಾನ್ ಗಡಿಯ ಡೇರೆ, ನೀರಿನ ಕ್ಯೂ, ಅಮ್ಮಾನ್. ಅಲ್ಲಿಂದ ಏರ್ ಇಂಡಿಯಾ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬೊಂಬಾಯಿಗೆ ತಂದಿತು. ಅವರಲ್ಲಿ ಇವರೂ ಒಬ್ಬರು. ಆಗ ಕೊಂಕಣ ರೈಲು ಇರಲಿಲ್ಲ. ಬೊಂಬಾಯಿ ಬಸ್ಸಿನಲ್ಲಿ ಬಂದು ಕಟಪಾಡಿಯಲ್ಲಿ ಇಳಿದಾಗ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚೀಲ.

ಮೂರನೇ ದಿನ ವಿಶ್ವವಿದ್ಯಾಲಯದ ಸಂಶೋಧಕಿ ವೀಡಿಯೋ ಕಾಲ್‌ನಲ್ಲಿ ಸೇರಿಕೊಂಡರು. ತುಂಬಾ ಮರ್ಯಾದೆಯ ಹೆಂಗಸು. ನಾನು ನಡುವೆ ಅನುವಾದ ಮಾಡುತ್ತಿದ್ದೆ. ಅವರು ಕೇಳಿಯೇ ಕೇಳುತ್ತಾರೆ ಅಂತ ನಾನು ಕಾಯುತ್ತಿದ್ದ ಪ್ರಶ್ನೆ ಬಂತು: ಸೈನಿಕರು ಇನ್‌ಕ್ಯುಬೇಟರ್‌ನಿಂದ ಮಕ್ಕಳನ್ನು ತೆಗೆದದ್ದು ನೋಡಿದಿರಾ?

ಇನ್‌ಕ್ಯುಬೇಟರ್ ಅಂದರೆ ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ಈ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ. 1990ರ ಅಕ್ಟೋಬರ್ 10ರಂದು ವಾಷಿಂಗ್ಟನ್‌ನಲ್ಲಿ, ಅಲ್ಲಿನ ಸಂಸದರ ಮಾನವ ಹಕ್ಕುಗಳ ಗುಂಪಿನ ಎದುರು ನಯೀರಾ ಅನ್ನುವ 15 ವರ್ಷದ ಹುಡುಗಿ ಅಳುತ್ತಾ ಹೇಳಿದಳು. ತಾನು ಕುವೈತ್‌ನ ಆಸ್ಪತ್ರೆಯಲ್ಲಿ ಸೇವೆಗೆ ಹೋಗಿದ್ದೆ, ಇರಾಕಿ ಸೈನಿಕರು ಮಕ್ಕಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು ಅಂತ. ಮನೆಯವರಿಗೆ ಅಪಾಯ ಅಂತ ಪೂರ್ತಿ ಹೆಸರು ಹೇಳಲಿಲ್ಲ. ಆಗಿನ ಅಮೆರಿಕದ ಅಧ್ಯಕ್ಷ ಬುಷ್ ಈ ಕಥೆಯನ್ನು ಮತ್ತೆ ಮತ್ತೆ ಹೇಳಿದರು. ಆಮ್ನೆಸ್ಟಿ ಅನ್ನುವ ಮಾನವ ಹಕ್ಕುಗಳ ಸಂಸ್ಥೆಯವರು 312 ಮಕ್ಕಳು ಅಂತ ಲೆಕ್ಕ ಕೊಟ್ಟು, ಆಮೇಲೆ ಹಿಂದೆ ತೆಗೆದುಕೊಂಡರು. 1991ರ ಜನವರಿಯಲ್ಲಿ ಅಮೆರಿಕದ ಸೆನೆಟ್ ಯುದ್ಧಕ್ಕೆ ಒಪ್ಪಿದ್ದು 52–47ರಲ್ಲಿ. ಅದಾಗಿ ಒಂದು ವರ್ಷಕ್ಕೆ, 1992ರ ಜನವರಿಯಲ್ಲಿ, ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಅಂತ ಹೊರಬಿತ್ತು. ಅವಳನ್ನು ಅಲ್ಲಿಗೆ ಸಿದ್ಧ ಮಾಡಿ ತಂದದ್ದು ಹಿಲ್ ಅಂಡ್ ನೋಲ್ಟನ್ ಅನ್ನುವ ಪ್ರಚಾರ ಕಂಪನಿ. ವಿಚಾರಿಸಿದವರಿಗೆ ಆ ಕಥೆಗೆ ಆಧಾರ ಸಿಗಲಿಲ್ಲ.

ನಯೀರಾ ಮಾತಾಡಿದ ಆ ಸಂಸದರ ಗುಂಪು ಸಂಸತ್ತಿನ ಅಧಿಕೃತ ಸಮಿತಿ ಆಗಿರಲಿಲ್ಲ. ಅಲ್ಲಿ ಪ್ರಮಾಣ ಮಾಡಿ ಹೇಳಬೇಕಾಗಿರಲಿಲ್ಲ. ಇದನ್ನು ಓದುವಾಗ ನನ್ನ ಬ್ಯಾಗಿನಲ್ಲಿ ದೊಡ್ಡಮ್ಮನ ನೋಟರಿ ಕಾಗದ ಇತ್ತು. ನಗು ಬಂತು, ಸಿಟ್ಟೂ ಬಂತು.

ದೊಡ್ಡಮ್ಮ ಪ್ರಶ್ನೆ ಕೇಳಿ ಒಂದು ಸುತ್ತು ನಾರು ಎಳೆದರು. “ಯಾನ್ ತೂತ್‌ಜಿ” ಅಂದರು. ನಾನು ನೋಡಿಲ್ಲ. “ನಮ್ಮ ಕೋಣೆಯ ಗಾಜಿನ ಪೆಟ್ಟಿಗೆಗಳು ನಾನು ಹೊರಡುವ ದಿನವೂ ಅಲ್ಲೇ ಇದ್ದವು. ಬೇರೆ ಆಸ್ಪತ್ರೆಯದ್ದು ನನಗೆ ಗೊತ್ತಿಲ್ಲ.”

ಸಂಶೋಧಕಿ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ನಾರಿನ ಶಬ್ದ ಶುರುವಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ದೊಡ್ಡಮ್ಮ ತಾವಾಗಿಯೇ ಹೇಳಿದರು. ಆಗಸ್ಟ್ ಮುಗಿಯುವಾಗ ನರ್ಸುಗಳು ಒಬ್ಬೊಬ್ಬರೇ ಹೊರಟರು. ನಮ್ಮವರು, ಈಜಿಪ್ಟಿನವರು, ಎಲ್ಲರೂ. ರಾತ್ರಿಗೆ ಒಬ್ಬಳೇ ಫಿಲಿಪೀನ್ಸಿನ ನರ್ಸ್ ಉಳಿದಳು. ಆಯಾಗಳು ಮಕ್ಕಳ ನಳಿಕೆ ಮುಟ್ಟುವ ಹಾಗಿಲ್ಲ, ಆದರೆ ಅವಳು ಇವರಿಗೆ ಹಾಲು ಹಾಕುವುದು ಹೇಳಿಕೊಟ್ಟಳು. ಒಂದು ಗುರುವಾರ ಬಸ್ರಾ ಬಸ್ಸಿನಲ್ಲಿ ಸೀಟು ಸಿಕ್ಕಿತು. “ಅವಳಿಗೆ ಹೇಳದೆ ಬಂದೆ. ಹೇಳಿದ್ರೆ ಬರ್ಲಿಕ್ಕೆ ಆಗ್ತಿರ್ಲಿಲ್ಲ. ಆ ಮಕ್ಕಳನ್ನು ಆಮೇಲೆ ಯಾರು ನೋಡಿದ್ರೋ.”

ಇದನ್ನು ನಾನು ಮೊದಲ ಸಲ ಕೇಳಿದ್ದು. ನನ್ನಮ್ಮನಿಗೂ ಗೊತ್ತಿರಲಿಲ್ಲ. ಆಮೇಲೆ ಓದಿದಾಗ ಗೊತ್ತಾಯಿತು, ಕುವೈತ್ ಬಿಡುಗಡೆಯಾದ ಮೇಲೆ, 1991ರ ಮಾರ್ಚ್‌ನಲ್ಲಿ ಅಲ್ಲಿಗೆ ಹೋದ ಅಮೆರಿಕದ ಟಿವಿ ವರದಿಗಾರರೊಬ್ಬರಿಗೆ ಅಲ್ಲಿನ ವೈದ್ಯರು ಹೇಳಿದ್ದೂ ಇದನ್ನೇ: ಮಕ್ಕಳು ಸತ್ತದ್ದು ಹೌದು, ನೋಡಿಕೊಳ್ಳುವ ಜನ ಓಡಿ ಹೋದದ್ದರಿಂದ. ಆ ಮಾತನ್ನು ಯಾವ ಅಧ್ಯಕ್ಷರೂ ಭಾಷಣದಲ್ಲಿ ಹೇಳಲಿಲ್ಲ. ಅದರಲ್ಲಿ ಬೈಯಲಿಕ್ಕೆ ಯಾರೂ ಸಿಗುವುದಿಲ್ಲ. ಸಿಕ್ಕಿದರೆ ನಮ್ಮ ದೊಡ್ಡಮ್ಮ ಸಿಗಬೇಕು.

ಈಗ ಅನುವಾದದ ಕಥೆ. ಮಾತು ಅರ್ಧ ತುಳು, ಅರ್ಧ ಕನ್ನಡ. ಅವರಿಗೆ ಬೇಕಾದದ್ದು ಇಂಗ್ಲಿಷ್, ಅನುವಾದಕರ ಅಫಿಡವಿಟ್ ಸಮೇತ. ಮನೆಯವರು ಅನುವಾದಿಸುವ ಹಾಗಿಲ್ಲ. ಮಂಗಳೂರಿನಲ್ಲಿ ತುಳು ಬರುವವರು ಬೇಕಾದಷ್ಟು. ತುಳುವಿನಿಂದ ಇಂಗ್ಲಿಷಿಗೆ ಬರೆದು ಸಹಿ ಹಾಕುವವರನ್ನು ಹುಡುಕಲು ಐದು ವಾರ ಹೋಯಿತು. ಪುಟಕ್ಕೆ 400ರಂತೆ 34 ಪುಟ, 13,600 ರೂಪಾಯಿ. ಇಂಗ್ಲಿಷ್ ಚೆಂದ ಇತ್ತು. ನಾನು ಓದದೆ ಕಳಿಸಿದೆ. ಇದು ನಾನು ಮಾಡಿದ ದೊಡ್ಡ ತಪ್ಪು.

ಎರಡೇ ದಿನದಲ್ಲಿ ಸಂಶೋಧಕಿಯ ಉತ್ತರ ಬಂತು. ಎಂಟು ತಿಂಗಳಲ್ಲಿ ಅಷ್ಟು ಬೇಗ ಯಾವತ್ತೂ ಉತ್ತರ ಬಂದಿರಲಿಲ್ಲ. ತುಂಬಾ ಪರಿಣಾಮಕಾರಿ, ಒಂದು ಭಾಗವನ್ನು ಸಂಗ್ರಹದ ಮುಖಪುಟದಲ್ಲಿ ಹಾಕಬಹುದಾ ಅಂತ ಕೇಳಿದ್ದರು. ಆ ಭಾಗ ಇದು: ಸೈನಿಕರು ರೋಗಿಗಳನ್ನು ಮಂಚದಿಂದ ಎಳೆದು ಹೊರಗೆ ಎಸೆದರು.

ನನಗೆ ಅದು ಕೇಳಿದ ನೆನಪಿಲ್ಲ. ಆಡಿಯೋ ಹಾಕಿದೆ. ದೊಡ್ಡಮ್ಮ ಹೇಳಿದ್ದು “ದಕ್ಕಿಯೆರ್‌ಗೆ”.

ತುಳು ಬಾರದವರಿಗೆ: “ಬತ್ತೆರ್” ಅಂದರೆ ಬಂದರು, “ಬತ್ತೆರ್‌ಗೆ” ಅಂದರೆ ಬಂದರಂತೆ. ನಮ್ಮ ಕನ್ನಡದ ‘ಅಂತೆ’ಯ ಕೆಲಸವನ್ನು ಅಲ್ಲಿ ಒಂದು ‘ಗೆ’ ಮಾಡುತ್ತದೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ನಾವು ಯೋಚನೆ ಕೂಡ ಮಾಡದೆ ಬೇರೆ ಮಾಡುತ್ತೇವೆ. ಎದುರುಮನೆ ಮದುವೆ ಮುರಿಯಿತು ಅಂತಲೂ ಹಾಗೇ ಹೇಳುತ್ತೇವೆ, ಅಲ್ವಾ? ಎಸೆದರಂತೆ ಅಂದದ್ದನ್ನು ಅನುವಾದಕರು ಎಸೆದರು ಅಂತ ಮಾಡಿದ್ದರು. ಬೇಕಂತ ಮಾಡಿದ್ದಲ್ಲ. ಫೋನಿನಲ್ಲಿ ಕೇಳಿದಾಗ, “ಪ್ರತಿ ಸಲ ‘ಜನ ಹೇಳುತ್ತಿದ್ದರು’ ಅಂತ ಹಾಕಿದರೆ ಓದಲಿಕ್ಕೆ ಕಿರಿಕಿರಿ, ಅನುಮಾನದಿಂದ ಹೇಳಿದ ಹಾಗೆ ಕಾಣ್ತದೆ” ಅಂದರು. ನಾನು ಎರಡು ರಾತ್ರಿ ಕೂತು ಎಣಿಸಿದೆ. 43 ಕಡೆ ಬಿಟ್ಟುಹೋಗಿತ್ತು.

ಸತ್ಯ ಹೇಳುತ್ತೇನೆ, ಒಂದು ದಿನ ಸುಮ್ನೆ ಕೂತೆ. ಹಾಗೇ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಆ ದಿನಗಳಲ್ಲಿ ಹಿಂಸೆ ನಡೆದದ್ದು ಸುಳ್ಳಲ್ಲವಲ್ಲ. ನೂರಾರು ಕುವೈತಿಗಳು ಸತ್ತರು, ಹಿಡಿದುಕೊಂಡು ಹೋದ ನೂರಾರು ಜನ ತಿರುಗಿ ಬರಲಿಲ್ಲ, ಕೆಲವರ ಮೂಳೆ 2003ರ ನಂತರ ಇರಾಕಿನ ಮಣ್ಣಿನಲ್ಲಿ ಸಿಕ್ಕಿತು. ಆದರೆ ಅದೇ ವಾರ ನಾನು 1915ರ ಬ್ರೈಸ್ ವರದಿಯ ಬಗ್ಗೆ ಓದಿದ್ದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನಲ್ಲಿ ಜರ್ಮನರು ಮಾಡಿದ ಹಿಂಸೆಯ ಬಗ್ಗೆ ಬ್ರಿಟಿಷರು ಮಾಡಿದ ವರದಿ. ಸುಮಾರು 1,200 ಹೇಳಿಕೆ, ಪ್ರಮಾಣ ಇಲ್ಲ, ಸಾಕ್ಷಿಗಳ ಹೆಸರು ಇಲ್ಲ. ದಿನಾಂತ್ ಅನ್ನುವ ಊರಿನಲ್ಲಿ ನಿಜವಾಗಿ 674 ಜನರನ್ನು ಕೊಂದಿದ್ದರು. ಆದರೆ ವರದಿಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಗಳೂ ಸೇರಿ, ಯುದ್ಧ ಮುಗಿದ ಮೇಲೆ ಜನ ಎಲ್ಲವನ್ನೂ ಸುಳ್ಳು ಅಂದರು. ಎರಡನೇ ಮಹಾಯುದ್ಧದಲ್ಲಿ ಯೆಹೂದಿಗಳನ್ನು ಕೊಲ್ಲುತ್ತಿದ್ದಾರೆ ಅನ್ನುವ ಸುದ್ದಿ ಬಂದಾಗ, ಇದೂ ಅಂಥದ್ದೇ ಅಂತ ತಳ್ಳಿಹಾಕಿದವರು ಎಷ್ಟೋ ಮಂದಿ. 1943ರಲ್ಲಿ ಪೋಲೆಂಡಿನ ಗುಪ್ತ ಹೋರಾಟಗಾರರ ದೂತ ಯಾನ್ ಕಾರ್ಸ್ಕಿ ತಾನು ಕಣ್ಣಾರೆ ಕಂಡದ್ದನ್ನು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರಿಗೆ ಹೇಳಿದ. ಸ್ವತಃ ಯೆಹೂದಿಯಾದ ಅವರು, ಈ ಯುವಕ ಸುಳ್ಳು ಹೇಳುತ್ತಿದ್ದಾನೆ ಅನ್ನುವುದಿಲ್ಲ, ಆದರೆ ನನಗೆ ನಂಬಲು ಆಗುವುದಿಲ್ಲ ಅಂದರು.

ದೊಡ್ಡಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. “ಮೊದಲ ಪುಟದಲ್ಲಿ ಹಾಕ್ತಾರಂತೆ” ಅಂದೆ. “ಎಂತ ಮಾರಾಯ್ತಿ, ನೋಡದ್ದು ನೋಡಿದೆ ಅಂತ ಹೇಗೆ ಹಾಕುವುದು?” ಅಂದರು. ಅವರಿಗೆ ಅದು ಚರ್ಚೆಯ ವಿಷಯವೇ ಆಗಿರಲಿಲ್ಲ.

43 ಕಡೆ ತಿದ್ದಿಸಿದೆ. ಮರುಪರಿಶೀಲನೆಗೆ 4,000 ರೂಪಾಯಿ, ಅನುವಾದಕರ ಹೊಸ ಅಫಿಡವಿಟ್‌ಗೆ ಮತ್ತೊಮ್ಮೆ 400. ಸ್ಕ್ಯಾನಿಂಗ್‌ಗೆ 380 ಸೇರಿಸಿ, ಬಸ್ಸು ಊಟ ಬಿಟ್ಟು ಒಟ್ಟು 20,180 ಆಯಿತು. ಸಂಶೋಧಕಿ ಥ್ಯಾಂಕ್ಸ್ ಹೇಳಿದರು. ಮುಖಪುಟದ ಮಾತು ಮತ್ತೆ ಎತ್ತಲಿಲ್ಲ. ದಾಖಲೆಯ ಮೇಲೆ ‘ಭಾಗಶಃ ಕೇಳಿದ ವಿಷಯ’ ಅಂತ ಒಂದು ಸಾಲು ಬಿತ್ತು. ಎಲ್ಲವನ್ನೂ ‘ನೋಡಿದೆ’ ಅಂದವರ ದಾಖಲೆಗೆ ಆ ಸಾಲು ಇರುವುದಿಲ್ಲ. ಇದು ನನಗೆ ಈಗಲೂ ಸಹಿಸಲು ಆಗುವುದಿಲ್ಲ.

ನೀವು ಮಾಡುವುದಾದರೆ ಅನುವಾದಕರಿಗೆ ಮೊದಲೇ ಹೇಳಿ, ‘ಅಂತೆ’ ಒಂದೂ ಬೀಳಬಾರದು. ನೀವೇ ಕೂತು ಆಡಿಯೋ ಜೊತೆ ತಾಳೆ ನೋಡಿ. ಒಪ್ಪಿಗೆ ಪತ್ರದಲ್ಲಿ ಬೇರೆಯವರ ಹೆಸರು ಮುಚ್ಚಿಡುವ ಅವಕಾಶ ಇದ್ದರೆ ಅದಕ್ಕೆ ಟಿಕ್ ಹಾಕಿ. ಮತ್ತು ಪ್ರಶ್ನೆ ಮುಗಿದ ಮೇಲೂ ಮೈಕ್ ಆಫ್ ಮಾಡಬೇಡಿ. ನಮಗೆ ಆ ನರ್ಸಿನ ಕಥೆ ಸಿಕ್ಕಿದ್ದು ಹಾಗೆ.

ನಂಬರ್ ಬಂದ ಭಾನುವಾರ ಕಟಪಾಡಿಗೆ ಹೋಗಿ ಕೊನೆಯ ಪ್ರತಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ದೊಡ್ಡಮ್ಮ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಬಂತೇನೋ ಅಂದುಕೊಂಡೆ. 31ನೇ ಪುಟದಲ್ಲಿ ‘ನಾನು ಹೊರಡುವಾಗ ಕೋಣೆಯಲ್ಲಿ ನಾಲ್ಕು ಮಕ್ಕಳಿದ್ದರು’ ಅಂತ ಓದಿದಾಗ ಕೈ ಎತ್ತಿ ನಿಲ್ಲಿಸಿದರು.

“ಮೂರು. ನಾಲ್ಕನೆಯದನ್ನು ಹಿಂದಿನ ದಿನ ಅದರ ತಾಯಿ ಮನೆಗೆ ಕೊಂಡುಹೋದಳು.”

ನಾನು ಅಷ್ಟರಲ್ಲಿ ಕಲಿತಿದ್ದೆ. “ಕೊಂಡುಹೋದಳಾ, ಕೊಂಡುಹೋದಳಂತೆಯಾ?” ಅಂತ ಕೇಳಿದೆ.

“ಅಂತೆ ಅಲ್ಲ. ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟದ್ದೇ ನಾನು.”

ತಿದ್ದುಪಡಿ ಫಾರಂ ನಿನ್ನೆ ಕಳಿಸಿದೆ. ಅದಕ್ಕೆ ನೋಟರಿ ಬೇಡವಂತೆ.